ಮೂರು ಸಲ ಒತ್ತಿದ್ದು ನಾನು

ನಮ್ಮ ದೊಡ್ಡಮ್ಮ ಮಾವಿನಕುರ್ವೆಯವಳು. ಹೊನ್ನಾವರದ ಮಾವಿನಕುರ್ವೆ, ಭಟ್ಕಳದ್ದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ರಗಳೆಯಲ್ಲಿ ಅರ್ಧ ಪಾಲು ಇದರದ್ದೇ. ನಮ್ಮದು ಶರಾವತಿ ಸಮುದ್ರ ಸೇರುವ ಮುಂಚೆ ಸುತ್ತಿಕೊಂಡು ಹೋದ ನೆಲ. ಇನ್ನೊಂದು ಮಾವಿನಕುರ್ವೆ ಭಟ್ಕಳ ಬಂದರಿನ ಕಡೆ. ಹೆದ್ದಾರಿಯಲ್ಲಿ ಎರಡಕ್ಕೂ ನಡುವೆ ಸುಮಾರು 40 ಕಿಲೋಮೀಟರ್. ಒಂದರ ಬೋರ್ಡಿನಲ್ಲಿ ಕುರ್ವೆ, ಇನ್ನೊಂದರಲ್ಲಿ ಕುರ್ವಾ, ಮತ್ತೊಂದು ಕಾಗದದಲ್ಲಿ ಬರೀ ಕುರ್ವ. ಪೋಸ್ಟ್‌ಮ್ಯಾನ್‌ಗೆ ಗೊತ್ತಾಗುತ್ತದೆ. ಕಂಪ್ಯೂಟರಿಗೆ ಗೊತ್ತಾಗಬೇಕೆಂದರೆ ನಾವೇ ಸರಿಯಾಗಿ ಆರಿಸಬೇಕು.

ಎರಡು ಮಳೆಗಾಲದ ಹಿಂದೆ ದೊಡ್ಡಮ್ಮನಿಗೆ ಒಂದು ಸಹಾಯಧನದ ಅರ್ಜಿ ಹಾಕಬೇಕಿತ್ತು. ಯಾವ ಯೋಜನೆ, ಯಾವ ಕಚೇರಿ ಎಂಬುದು ಇಲ್ಲಿ ಬೇಡ. ಆನ್‌ಲೈನ್‌ನಲ್ಲೇ ಹಾಕಬೇಕು ಎಂದಿದ್ದರು. ಪೇಟೆಗೆ ಹೋಗಿ ಸೇವಾ ಕೇಂದ್ರದಲ್ಲಿ ಹಾಕಿಸಿದರೆ ಬಸ್ಸಿನ ಖರ್ಚು, ಅರ್ಜಿಯ ಖರ್ಚು, ಅರ್ಧ ದಿನದ ಕೆಲಸ ಮೂರೂ ಹೋಗುತ್ತದೆ. "ಪೇಪರಿನವ್ನು ಮನೇಲೇ ಇದ್ನಲ್ಲ" ಎಂದು ದೊಡ್ಡಮ್ಮ ಆಧಾರ್ ಕಾರ್ಡು, ಪಾಸ್‌ಬುಕ್ಕು ತಂದು ನನ್ನ ಮುಂದೆ ಇಟ್ಟಳು. ನಾನು ತಾಲ್ಲೂಕಿನ ವರದಿಗಾರ. ಡಿಪ್ಲೊಮಾ ಮಾಡಿದವ. ದಿನಕ್ಕೆ ನಾಲ್ಕು ಸುದ್ದಿಯನ್ನು ಇದೇ ಫೋನಿನಿಂದ ಕಳಿಸುವವ. ಒಂದು ಅರ್ಜಿ ಎಷ್ಟು ಹೊತ್ತಿನ ಕೆಲಸ?

ಹೊರಗೆ ಜಡಿಮಳೆ. ಕರೆಂಟು ಬೆಳಿಗ್ಗೆಯೇ ಹೋಗಿತ್ತು, ಟವರಿನ ಬ್ಯಾಟರಿಯೂ ಕೊನೆಗೆ ಬಂದಿರಬೇಕು. ಸಿಗ್ನಲ್ ಒಂದು ಗೆರೆ ಬರುವುದು, ಹೋಗುವುದು. ಜಗಲಿಯ ಮೂಲೆಯಲ್ಲಿ ಕಂಬಕ್ಕೆ ಒರಗಿ ಕೂತರೆ ಸ್ವಲ್ಪ ಹಿಡಿಯುತ್ತದೆ. ಅಲ್ಲೇ ಕೂತೆ. ಹೆಸರು, ಆಧಾರ್, ಬ್ಯಾಂಕು ಎಲ್ಲ ತುಂಬಿದೆ. ಊರು ಹುಡುಕುವ ಪೆಟ್ಟಿಗೆಯಲ್ಲಿ ಮಾವಿನಕುರ್ವೆ ಎಂದು ಟೈಪ್ ಮಾಡಿದೆ. ಕೆಳಗೆ ಪಟ್ಟಿ ಬಂತು, ಎರಡನೆಯದನ್ನು ಒತ್ತಿದೆ. 'ಸಲ್ಲಿಸಿ' ಒತ್ತಿದೆ.

ಏನೂ ಆಗಲಿಲ್ಲ.

ನೀವಾದರೆ ಏನು ಮಾಡುತ್ತಿದ್ದಿರಿ? ನಾನೂ ಅದನ್ನೇ ಮಾಡಿದೆ. ಇನ್ನೊಮ್ಮೆ ಒತ್ತಿದೆ. ಬಟನ್ನು ಕಲ್ಲಿನ ಹಾಗೆ ಕೂತಿತ್ತು. ಮೂರನೇ ಸಲ ಒತ್ತಿದಾಗ ಪುಟವೇ ಬೆಳ್ಳಗಾಯಿತು. ಸಿಟ್ಟು ಬಂದು ಹಿಂದೆ ಹೋಗಿ ಎಲ್ಲವನ್ನೂ ಮೊದಲಿನಿಂದ ತುಂಬಿದೆ. ಈ ಸಲ ಒಂದೇ ಒತ್ತಿಗೆ ಅರ್ಜಿ ಸಂಖ್ಯೆ ಬಂತು. ಅದನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟು, ಚಾ ಕುಡಿದು ಎದ್ದೆ.

ಎರಡು ತಿಂಗಳಾದರೂ ದುಡ್ಡು ಬರಲಿಲ್ಲ. ವಿಚಾರಿಸಲು ಹೋದರೆ ಮೇಜಿನ ಆಚೆ ಇದ್ದವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ದೊಡ್ಡಮ್ಮನ ಆಧಾರ್ ಸಂಖ್ಯೆಯಲ್ಲಿ ಮೂರು ಅರ್ಜಿ. ಎರಡು ಭಟ್ಕಳ ತಾಲ್ಲೂಕಿನ ಮಾವಿನಕುರ್ವೆಯಿಂದ, ಒಂದು ಹೊನ್ನಾವರದ್ದರಿಂದ. "ಒಂದೇ ಹೆಂಗಸು ಎರಡು ತಾಲ್ಲೂಕಿನಲ್ಲಿ ಹಾಕಿದ್ದಾರೆ ನೋಡಿ. ಮೂರನ್ನೂ ತಡೆಹಿಡಿದಿದೆ" ಎಂದರು. ಸುಳ್ಳು ಹೇಳುತ್ತಿರಲಿಲ್ಲ. ಪರದೆಯಲ್ಲಿ ಇದ್ದದ್ದೇ ಹಾಗೆ.

ಭಟ್ಕಳದಲ್ಲಿ ದೊಡ್ಡಮ್ಮನ ತವರಿನ ಕಡೆಯವರಿದ್ದಾರೆ. ನನ್ನ ತಲೆ ಅಲ್ಲಿಗೆ ಓಡಿತು. ಆ ಕಡೆ ಯಾರ ಕೈಯಲ್ಲೋ ಇವಳು ಮೊದಲೇ ಹಾಕಿಸಿರಬೇಕು, ಅದು ಸಾಲದೆಂದು ನನ್ನ ಹತ್ತಿರವೂ ಹಾಕಿಸಿದ್ದಾಳೆ. ಮನೆಗೆ ಬಂದು ಕೇಳಿದೆ. ಕೇಳಿದೆ ಎನ್ನುವುದು ಮರ್ಯಾದೆಯ ಮಾತು, ಬೈದೆ. "ನಾ ಎಲ್ಲೂ ಹೋಗ್ಲಿಲ್ಲ ತಮಾ" ಎಂದಳು. ಎರಡು ಸಲ ಅದನ್ನೇ ಹೇಳಿ ಒಳಗೆ ಹೋದಳು. ನಾನು ನಂಬಲಿಲ್ಲ. ಕಂಪ್ಯೂಟರಿನಲ್ಲಿ ಮೂರು ಅರ್ಜಿ ಇದೆ, ಇವಳು ಒಂದೇ ಅನ್ನುತ್ತಾಳೆ. ನಾನು ಕಂಪ್ಯೂಟರನ್ನು ನಂಬಿದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅದೇ ವಾರ ಒಂದು ಸುದ್ದಿ ಬರೆದೆ. ಒಬ್ಬರೇ ಎರಡು ಮೂರು ಅರ್ಜಿ ಹಾಕುವುದರಿಂದ ಅರ್ಹರಿಗೆ ತೊಂದರೆ, ಜನ ಆತುರಪಡಬಾರದು, ಹೀಗೆ. ಎರಡು ಕಾಲಂ ಬಂತು. ದೊಡ್ಡಮ್ಮನ ಹೆಸರಿರಲಿಲ್ಲ, ಊರಿನ ಹೆಸರೂ ಇರಲಿಲ್ಲ. ಆದರೆ ಬರೆಯುವಾಗ ಕಣ್ಣ ಮುಂದೆ ಇದ್ದವಳು ಅವಳೇ.

ವಿಷಯ ಬಿಡಿಸಿಕೊಂಡದ್ದು ಚೌತಿಗೆ. ನನ್ನ ಜೊತೆ ಶಾಲೆಗೆ ಬರುತ್ತಿದ್ದ ಗೆಳೆಯನೊಬ್ಬ ಬೆಂಗಳೂರಿನಲ್ಲಿ ವೆಬ್ ಪುಟ ಮಾಡುವ ಕೆಲಸದಲ್ಲಿದ್ದಾನೆ. ಗಣಪತಿ ಕೂರಿಸಲು ಊರಿಗೆ ಬಂದಿದ್ದ. ಪಂಚಕಜ್ಜಾಯ ತಿನ್ನುತ್ತಾ ಕತೆ ಹೇಳಿದೆ, ನಗಲಿ ಎಂದೇ ಹೇಳಿದ್ದು. ಅವನು ನಗಲಿಲ್ಲ. "ಮೆಸೇಜು ಬಂದಿರ್ಬೇಕಲ್ಲ, ಎಲ್ಲಿದೆ?" ಎಂದು ಕೇಳಿದ.

ಮೆಸೇಜು ಬರುವುದು ಆಧಾರಿಗೆ ಜೋಡಿಸಿದ ಫೋನಿಗೆ, ಅಂದರೆ ದೊಡ್ಡಮ್ಮನ ಬಟನ್ ಫೋನಿಗೆ. ಅದರಲ್ಲಿ ಬರುವುದೆಲ್ಲ ಇಂಗ್ಲಿಷು. ಅವಳು ಯಾವತ್ತೂ ತೆರೆದು ನೋಡಿದವಳಲ್ಲ, ನಾನೂ ನೋಡಿರಲಿಲ್ಲ. ತೆರೆದೆವು. ಲೋನ್ ಬೇಕೇ, ರೀಚಾರ್ಜ್ ಮಾಡಿ ಎಂಬ ನೂರಾರು ಮೆಸೇಜುಗಳ ಅಡಿಯಲ್ಲಿ ಮೂರು ಇದ್ದವು. ಮೊದಲನೆಯದು 11 ಗಂಟೆ 42 ನಿಮಿಷಕ್ಕೆ. ಎರಡನೆಯದೂ 11-42ಕ್ಕೆ. ಮೂರನೆಯದು 11-58ಕ್ಕೆ. ತಾರೀಕು ಅದೇ, ನಾನು ಕಂಬಕ್ಕೆ ಒರಗಿ ಕೂತಿದ್ದ ದಿನದ್ದು.

ಒಂದೇ ನಿಮಿಷದಲ್ಲಿ ಎರಡು ಅರ್ಜಿ. ಹದಿನಾರು ನಿಮಿಷದಲ್ಲಿ ಭಟ್ಕಳದಿಂದ ಹೊನ್ನಾವರಕ್ಕೆ ಬಂದು ಇನ್ನೊಂದು. ಎಪ್ಪತ್ತು ದಾಟಿದ ಹೆಂಗಸು.

ಮೂರು ಸಲ ಒತ್ತಿದ್ದು ನಾನು.

ಗೆಳೆಯ ಲ್ಯಾಪ್‌ಟಾಪ್ ತೆಗೆದು ನನ್ನ ಫೋನಿನ ನೆಟ್ಟಿಗೆ ಜೋಡಿಸಿದ. ಅದೇ ಪುಟ ತೆರೆದ. ಬ್ರೌಸರಿನ ಕೆಳಗೆ ಇನ್ನೊಂದು ಕಿಟಕಿ ತೆರೆದ, ಪುಟದಿಂದ ಸರ್ವರಿಗೆ ಏನೇನು ಹೋಗುತ್ತದೆ, ಎಷ್ಟು ಹೊತ್ತಿಗೆ ತಿರುಗಿ ಬರುತ್ತದೆ ಎಂಬುದು ಅಲ್ಲಿ ಸಾಲುಸಾಲಾಗಿ ಕಾಣುತ್ತದೆ. ಕಂಪ್ಯೂಟರ್ ಇರುವ ಯಾರು ಬೇಕಾದರೂ ನೋಡಬಹುದಂತೆ, ಗುಟ್ಟೇನಲ್ಲ. ಈಗ ಊರು ಟೈಪ್ ಮಾಡು ಎಂದ.

ಮ ಒತ್ತಿದೆ. ಕೆಳಗೆ ಒಂದು ಸಾಲು ಬಿತ್ತು. ದೀರ್ಘ ಒತ್ತಿದೆ, ಇನ್ನೊಂದು ಸಾಲು. ಮುಗಿಯುವ ಹೊತ್ತಿಗೆ 11 ಸಾಲು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮಗೆ ಮಾವಿನಕುರ್ವೆ ಅಂದರೆ ಐದು ಅಕ್ಷರ: ಮಾ, ವಿ, ನ, ಕು, ರ್ವೆ. ಕಂಪ್ಯೂಟರಿಗೆ ಅದು ಹನ್ನೊಂದು. ಯೂನಿಕೋಡ್ ಲೆಕ್ಕದಲ್ಲಿ ಮ ಒಂದು, ಅದರ ದೀರ್ಘ ಇನ್ನೊಂದು, ವ ಒಂದು, ಗುಡಿಸು ಇನ್ನೊಂದು, ನ ಒಂದು, ಕ ಮತ್ತು ಕೊಂಬು ಎರಡು, ಕೊನೆಯ ರ್ವೆ ಒಂದಕ್ಕೇ ರ, ಅರ್ಧಾಕ್ಷರದ ಗುರುತು, ವ, ಎತ್ವ ಎಂದು ನಾಲ್ಕು. ಪ್ರತಿಯೊಂದನ್ನು ಒತ್ತಿದಾಗಲೂ ಪುಟ 'ಹೊಸತು ಬಂತು' ಎಂದು ಸರ್ವರಿಗೆ ಓಡುತ್ತಿತ್ತು. ಮ ಎಂಬ ಊರಿದೆಯಾ? ಮಾ ಇದೆಯಾ? ಮಾವ ಇದೆಯಾ? ಬೆಂಗಳೂರಿನ ಯಾವುದೋ ಯಂತ್ರ ನಮ್ಮ ಮಾವನನ್ನು ಹುಡುಕುತ್ತಾ ಕೂತಿರುತ್ತಿತ್ತು, ನಾನು ಅಷ್ಟರಲ್ಲಿ ಮಾವಿನ ತನಕ ಬಂದಿರುತ್ತಿದ್ದೆ.

ಕನ್ನಡದ ಒಂದೊಂದು ಗುರುತೂ ವೆಬ್ ವಿಳಾಸದಲ್ಲಿ ಹೋಗುವಾಗ ಒಂಬತ್ತು ಅಕ್ಷರದ ಜಾಗ ಹಿಡಿಯುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಜಾಗ ಸಾಕು. ಅಂದರೆ ನಮ್ಮ ಊರಿನ ಹೆಸರು ದಾರಿಯಲ್ಲಿ 99 ಅಕ್ಷರವಾಗಿ ಹೋಗುತ್ತದೆ. ಅಷ್ಟಕ್ಕೆ ನೆಟ್ಟೇನು ಮುಳುಗುವುದಿಲ್ಲ. ಪ್ರತಿ ಸಲದ ಓಡಾಟದ ಜೊತೆ ಬ್ರೌಸರು ತನ್ನ ಗುರುತು ಚೀಟಿ, ಲಾಗಿನ್ ಚೀಟಿ ಎಲ್ಲ ಹೊತ್ತುಕೊಂಡು ಹೋಗುತ್ತದಲ್ಲ, ಅದು ಅದಕ್ಕಿಂತ ಭಾರ. ಹನ್ನೊಂದು ಸಲ ಹೊರಬೇಕು. ಒಂದು ಗೆರೆ ಸಿಗ್ನಲ್‌ನಲ್ಲಿ.

ಗೆಳೆಯ ಕೇಳಿದ, "ನಮ್ಮ ದೋಣಿಯವ ಹೀಗೆ ಮಾಡ್ತಿದ್ನನಾ?"

ನಾವು ಚಿಕ್ಕವರಿದ್ದಾಗ ಹೊಳೆ ದಾಟುತ್ತಿದ್ದದ್ದು ದೋಣಿಯಲ್ಲಿ. ದೋಣಿಯವನಿಗೆ ಗಡಿಯಾರ ಇರಲಿಲ್ಲ. ಒಬ್ಬ ಹತ್ತಿದ ಕೂಡಲೇ ಹೊರಡುತ್ತಲೂ ಇರಲಿಲ್ಲ. ದಂಡೆಯ ಕಡೆ ಒಮ್ಮೆ ನೋಡುತ್ತಿದ್ದ. ತೆಂಗಿನ ತೋಟದ ಕಡೆಯಿಂದ ಯಾರಾದರೂ ಕೊಡೆ ಬೀಸಿದರೆ ಮತ್ತೆ ನಿಲ್ಲುತ್ತಿದ್ದ. ಅವರು ಬಂದು ಹತ್ತಿದ ಮೇಲೆ ಮತ್ತೊಮ್ಮೆ ನೋಡುತ್ತಿದ್ದ. ಒಂದು ಬೀಡಿ ಎಳೆಯುವಷ್ಟು ಹೊತ್ತು ಯಾರೂ ಬರಲಿಲ್ಲ ಅಂದರೆ ಆಗ ಜಲ್ಲೆ ಊರುತ್ತಿದ್ದ. ಹೊಸಬ ಬಂದಾಗಲೆಲ್ಲ ಬೀಡಿಯ ಲೆಕ್ಕ ಮೊದಲಿನಿಂದ.

ವೆಬ್ ಪುಟದಲ್ಲಿ ಇದಕ್ಕೆ ಡಿಬೌನ್ಸ್ ಎನ್ನುತ್ತಾರೆ. ಒಂದು ಕೀಲಿ ಒತ್ತಿದ ಕೂಡಲೇ ಓಡಬೇಡ, ಸ್ವಲ್ಪ ತಡೆ. ಅಷ್ಟರಲ್ಲಿ ಇನ್ನೊಂದು ಒತ್ತಿದರೆ ಹಳೆಯ ಲೆಕ್ಕ ಅಳಿಸಿ ಹೊಸದಾಗಿ ತಡೆ. ಬೆರಳು ನಿಂತ ಮೇಲೆ ಒಮ್ಮೆ ಹೋಗು. ಸಾಮಾನ್ಯವಾಗಿ ಇಡುವ ತಡೆ 300 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಮೂರನೇ ಒಂದು ಭಾಗಕ್ಕೂ ಕಡಿಮೆ. ಬರೆಯಲು ನಾಲ್ಕೈದು ಸಾಲು ಕೋಡ್ ಸಾಕು ಎಂದು ಗೆಳೆಯ ಅಲ್ಲೇ ಬರೆದು ತೋರಿಸಿದ. ಟೈಮರ್ ಇಡು, ಹೊಸ ಒತ್ತು ಬಂದರೆ ಟೈಮರ್ ತೆಗೆ, ಮತ್ತೆ ಇಡು. ಅಷ್ಟೇ. ಅದನ್ನೂ ಬರೆಯಲು ಬೇಸರವಾದವರಿಗೆ ಅಂಡರ್‌ಸ್ಕೋರ್, ಲೋಡ್ಯಾಶ್ ಎಂಬ ಸಿದ್ಧ ಸಂಗ್ರಹಗಳಲ್ಲಿ ಪುಕ್ಕಟೆ ಸಿಗುತ್ತದೆ.

ಪದ ಮಾತ್ರ ವೆಬ್ಬಿನದಲ್ಲ, ಕರೆಂಟಿನವರದ್ದು. ಸ್ವಿಚ್ಚು ಒತ್ತಿದಾಗ ಒಳಗಿನ ಎರಡು ಲೋಹದ ತುಂಡು ತಟ್ಟನೆ ಅಂಟಿಕೊಳ್ಳುವುದಿಲ್ಲ. ಸಿಮೆಂಟಿನ ನೆಲಕ್ಕೆ ಬಿದ್ದ ಗೋಲಿಯ ಹಾಗೆ ಕೆಲವು ಮಿಲಿಸೆಕೆಂಡು ಪುಟಿದು ಪುಟಿದು ನಿಲ್ಲುತ್ತವೆ. ಬಲ್ಬಿಗೆ ಅದು ಗೊತ್ತಾಗುವುದಿಲ್ಲ. ಕಂಪ್ಯೂಟರು ಚುರುಕು, ಒಂದೊಂದು ಪುಟಿತವನ್ನೂ ಒಂದೊಂದು ಒತ್ತು ಎಂದು ಎಣಿಸಿಬಿಡುತ್ತದೆ. ನೀವು ಒಂದು ಸಲ ಒತ್ತಿದ್ದು ಅದಕ್ಕೆ ಐದು ಸಲ. ಆ ಪುಟಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಹಾಗೆ ಮಾಡುವುದು ಡಿಬೌನ್ಸ್. ಕೀಬೋರ್ಡು, ಲಿಫ್ಟಿನ ಬಟನ್ನು, ರಿಮೋಟು, ಇಂಥ ಕಡೆಯಲ್ಲೆಲ್ಲ ಇದನ್ನು ನೋಡಿಕೊಳ್ಳಲೇಬೇಕು. 2009ರಲ್ಲಿ ಜಾನ್ ಹ್ಯಾನ್ ಎಂಬ ಪ್ರೋಗ್ರಾಮರ್ ಜಾವಾಸ್ಕ್ರಿಪ್ಟಿಗೂ ಇದೇ ಉಪಾಯ ಬೇಕು ಎಂದು ಬರೆದ, ಆ ಹೆಸರು ವೆಬ್ಬಿನಲ್ಲೂ ನಿಂತಿತು. 2011ರಲ್ಲಿ ಟ್ವಿಟರ್ ತಾಣ ಸ್ಕ್ರೋಲ್ ಮಾಡಿದರೆ ತಡವರಿಸುತ್ತಿತ್ತು. ಜೆಕ್ವೆರಿ ಮಾಡಿದ ಜಾನ್ ರೆಸಿಗ್ ಅದರ ಕಾರಣ ಬಿಡಿಸಿ ಬರೆದಿದ್ದ. ಬೆರಳು ಒಂದು ಎಳೆ ಸರಿದರೂ ಪುಟ ದೊಡ್ಡ ಕೆಲಸಕ್ಕೆ ಕೂರುತ್ತಿತ್ತು. ಸರಿದಾಗಲೆಲ್ಲ ಬೇಡ, ಕಾಲು ಸೆಕೆಂಡಿಗೊಮ್ಮೆ ನೋಡು ಸಾಕು ಎಂಬುದು ಅವನ ಸಲಹೆ.

ಆ ಎರಡನೆಯದು ದೋಣಿಯಲ್ಲ, ಬಸ್ಸು. ಜನ ಬರಲಿ ಬಿಡಲಿ ತನ್ನ ಹೊತ್ತಿಗೆ ಹೊರಡುತ್ತದೆ. ಅದಕ್ಕೆ ಥ್ರಾಟಲ್ ಎಂಬ ಹೆಸರು. ಸ್ಕ್ರೋಲಿಗೆ ಬಸ್ಸು ಸರಿ, ಹುಡುಕುವ ಪೆಟ್ಟಿಗೆಗೆ ದೋಣಿ ಸರಿ. ದೋಣಿಗೂ ಒಂದು ಕಷ್ಟ ಇದೆ. ಜನ ಒಬ್ಬರ ಹಿಂದೆ ಒಬ್ಬರು ಬರುತ್ತಲೇ ಇದ್ದರೆ ಅದು ಹೊರಡುವುದೇ ಇಲ್ಲ. ಮೀನಿನ ಬುಟ್ಟಿ ಹೊತ್ತ ಹೆಂಗಸರು "ಹೊರಡಾ, ಮೀನು ಹಾಳಾಗ್ತು" ಎಂದು ಕೂಗುತ್ತಿದ್ದದ್ದು ಇದಕ್ಕೇ. ಲೋಡ್ಯಾಶ್‌ನಲ್ಲಿ ಅದಕ್ಕೂ ವ್ಯವಸ್ಥೆ ಇದೆಯಂತೆ, ಎಷ್ಟೇ ಜನ ಬರುತ್ತಿದ್ದರೂ ಇಷ್ಟು ಹೊತ್ತಿನ ಮೇಲೆ ಕಾಯಬೇಡ ಎಂದು ಹೇಳಿಡಬಹುದು.

ಇಷ್ಟು ಹೊತ್ತಿಗೆ ನನಗೆ ಸಮಾಧಾನವಾಗಿತ್ತು. ಯಾರೋ ನಾಲ್ಕು ಸಾಲು ಬರೆಯಲಿಲ್ಲ, ಅದಕ್ಕೆ ಹೀಗಾಯ್ತು. ಒಳ್ಳೆಯ ಸುದ್ದಿ, ಹೆಡ್‌ಲೈನೂ ಸಿಕ್ಕಿತು. ಗೆಳೆಯ ತಲೆಯಾಡಿಸಿದ. "ಈಗ ಡಿಬೌನ್ಸ್ ಹಾಕಿದ್ದು ನೋಡು" ಎಂದು ತಾನೇ ಮಾಡಿದ ಸಣ್ಣ ಪುಟ ತೆರೆದ. 300 ಮಿಲಿಸೆಕೆಂಡಿನ ತಡೆ ಇಟ್ಟದ್ದು. ಅವನು ಟೈಪ್ ಮಾಡಿದ, ಟಕಟಕ ಎಂದು. ಒಂದೇ ಸಾಲು ಬಿತ್ತು. ನನ್ನ ಕೈಗೆ ಫೋನು ಕೊಟ್ಟ. ನಾನು ಬಲಗೈ ತೋರು ಬೆರಳಿನಲ್ಲಿ, ಕೊಂಬು ಎಲ್ಲಿ, ಒತ್ತು ಎಲ್ಲಿ ಎಂದು ಹುಡುಕಿ ಹುಡುಕಿ ಒತ್ತಿದೆ. ಒಂಬತ್ತು ಸಾಲು.

ಕಾರಣ ಸುಲಭ. 300 ಮಿಲಿಸೆಕೆಂಡಿನೊಳಗೆ ಮುಂದಿನ ಅಕ್ಷರ ಒತ್ತುವವನಿಗೆ ಮಾತ್ರ ಆ ತಡೆ ಕೆಲಸ ಮಾಡುತ್ತದೆ. ಒಂದೊಂದು ಅಕ್ಷರಕ್ಕೆ ಒಂದು ಸೆಕೆಂಡು ಹಿಡಿಯುವವನಿಗೆ ಅದು ಇದ್ದೂ ಇಲ್ಲದ ಹಾಗೆ. ಬೀಡಿ ಮುಗಿಯುವಷ್ಟರಲ್ಲಿ ತೋಟದಿಂದ ಓಡಿ ಬರುವ ಹುಡುಗನಿಗೆ ದೋಣಿ ನಿಲ್ಲುತ್ತದೆ. ಕೋಲೂರಿ ಬರುವ ಅಜ್ಜಿಗೆ ನಿಲ್ಲುವುದಿಲ್ಲ. ಆ 300 ಎಂಬುದು ಎರಡು ಹೆಬ್ಬೆರಳಿನಲ್ಲಿ ಇಂಗ್ಲಿಷು ಹೊಡೆಯುವವರ ಲೆಕ್ಕ. ನಮ್ಮ ಕಡೆಯ ಐವತ್ತು ವರ್ಷದವರೊಬ್ಬರ ಕೈಗೆ ಕನ್ನಡ ಕೀಬೋರ್ಡು ಕೊಟ್ಟು, ಗಡಿಯಾರ ಹಿಡಿದು ನೋಡಿ ಇಟ್ಟದ್ದಲ್ಲ. ನನಗೆ ಇದು ನಿಜವಾಗಿ ಚುಚ್ಚಿತು. ಸೋಮಾರಿತನದಿಂದ ಬಿಟ್ಟ ತಪ್ಪಿಗೆ ಬೈಯಬಹುದು. ಸರಿಯಾಗಿ ಮಾಡಿದವನ ಪುಟವೂ ನಮ್ಮ ಬೆರಳಿಗೆ ಸರಿಯಾಗುವುದಿಲ್ಲ ಎಂದರೆ ಯಾರಿಗೆ ಬೈಯುವುದು?

ಊರು ತಪ್ಪಿದ ಕತೆಯೂ ಅಲ್ಲೇ ಬಿಚ್ಚಿಕೊಂಡಿತು. ಹನ್ನೊಂದು ಪ್ರಶ್ನೆ ಹೋದರೆ ಹನ್ನೊಂದು ಉತ್ತರ ಬರಬೇಕು. ಹೋದ ಕ್ರಮದಲ್ಲೇ ಬರಬೇಕೆಂಬ ನಿಯಮವಿಲ್ಲ. ಸಿಗ್ನಲ್ ಚೆನ್ನಾಗಿದ್ದಾಗ ಹೆಚ್ಚುಕಡಿಮೆ ಕ್ರಮದಲ್ಲೇ ಬರುತ್ತವೆ. ಬಂದು ಹೋಗುವ ಸಿಗ್ನಲ್‌ನಲ್ಲಿ ಹಿಂದಿನದು ಮುಂದೆ, ಮುಂದಿನದು ಹಿಂದೆ. ಪೂರ್ತಿ ಹೆಸರಿಗೆ ಬಂದ ಪಟ್ಟಿಯಲ್ಲಿ ಎರಡೇ ಊರು, ಅಕಾರಾದಿಯಲ್ಲಿ ಮೊದಲು ಭಟ್ಕಳದ್ದು, ಕೆಳಗೆ ಹೊನ್ನಾವರದ್ದು. ನನ್ನ ಬೆರಳು ಎರಡನೆಯದರ ಕಡೆ ಇಳಿಯುತ್ತಿದೆ. ಅದೇ ಹೊತ್ತಿಗೆ, ಮಾವಿನಕ ಎಂಬಲ್ಲಿ ಇದ್ದಾಗ ಹೋದ ಹಳೆಯ ಪ್ರಶ್ನೆಗೆ ತಡವಾಗಿ ಉತ್ತರ ಬಂತು. ಪಟ್ಟಿ ಬದಲಾಯಿತು. ಮೊದಲು ಮಾವಿನಕಟ್ಟೆ, ಎರಡನೆಯದು ಭಟ್ಕಳದ ಮಾವಿನಕುರ್ವೆ, ಮೂರನೆಯದು ನಮ್ಮದು, ಆಮೇಲೆ ಮಾವಿನಕೆರೆ. ಬೆರಳು ಇಳಿದದ್ದು ಎರಡನೆಯದರ ಮೇಲೆಯೇ. ಆದರೆ ಅದೀಗ ಭಟ್ಕಳ. ಪೆಟ್ಟಿಗೆಯಲ್ಲಿ ಮಾವಿನಕುರ್ವೆ ಎಂದು ಕಾಣಿಸಿತು, ಮುಂದಿನ ತಾಲ್ಲೂಕಿನ ಹೆಸರು ಸಣ್ಣ ಪರದೆಯ ಅಂಚಿನಲ್ಲಿ ಮುಚ್ಚಿಹೋಗಿತ್ತು. ನಾನು ಸರಿ ಎಂದುಕೊಂಡೆ.

ಆ ದಿನ ಹೀಗೆಯೇ ಆಯಿತೆಂದು ಸಾಕ್ಷಿ ಹೇಳಲು ನನ್ನಿಂದಾಗದು. ಗೆಳೆಯ ಬ್ರೌಸರಿನಲ್ಲಿ ನೆಟ್ಟನ್ನು ಬೇಕೆಂದೇ ನಿಧಾನ ಮಾಡಿಟ್ಟು, ನಾಲ್ಕನೇ ಸಲಕ್ಕೆ ಕಣ್ಣೆದುರೇ ಇದನ್ನು ಮಾಡಿ ತೋರಿಸಿದ. ಪಟ್ಟಿ ಬೆರಳಿನಡಿಯಲ್ಲೇ ಜಾರಿತು. ಇದಕ್ಕೆ ಮದ್ದು ಡಿಬೌನ್ಸ್ ಒಂದೇ ಅಲ್ಲ. ಹೊಸ ಪ್ರಶ್ನೆ ಹೋದ ಮೇಲೆ ಹಳೆಯದರ ಉತ್ತರ ಬಂದರೆ ಬಿಸಾಡು ಎಂದು ಪುಟಕ್ಕೆ ಹೇಳಬೇಕು. ಅದೂ ಕೆಲವೇ ಸಾಲು.

ಇನ್ನು ಬಟನ್ನು. ಅಲ್ಲಿ ತಡೆಯ ಲೆಕ್ಕ ತಿರುವುಮುರುವು. ಹುಡುಕುವಾಗ ಕೊನೆಯ ಒತ್ತಿಗೆ ಬೆಲೆ, ಸಲ್ಲಿಸುವಾಗ ಮೊದಲ ಒತ್ತಿಗೆ ಬೆಲೆ. ಮೊದಲನೆಯದಕ್ಕೆ ಹೊರಟುಬಿಡಬೇಕು, ಆಮೇಲಿನದಕ್ಕೆ ಕಿವುಡಾಗಬೇಕು. ಎಷ್ಟು ಹೊತ್ತು? ಅರ್ಧ ಸೆಕೆಂಡಿನ ಕಿವುಡು ಸಾಕಾಗದು. ನಾನು ಎರಡನೇ ಸಲ ಒತ್ತಿದ್ದು ಹತ್ತು ಹದಿನೈದು ಸೆಕೆಂಡು ಕಾದ ಮೇಲೆ. ಉತ್ತರ ಬರುವವರೆಗೂ ಬಟನ್ನು ಮಂಕಾಗಿ ಇರಬೇಕು, 'ಕಳುಹಿಸುತ್ತಿದೆ, ಕಾಯಿರಿ' ಎಂದು ಕನ್ನಡದಲ್ಲಿ ಬರಬೇಕು. ಜನ ಮತ್ತೆ ಒತ್ತುವುದು ಆತುರಕ್ಕಲ್ಲ, ಕೇಳಿಸಿತೋ ಇಲ್ಲವೋ ಎಂಬ ಅನುಮಾನಕ್ಕೆ. ಬಾಗಿಲು ತಟ್ಟಿದಾಗ ಒಳಗಿಂದ "ಬಂದೆ" ಎಂದರೆ ಯಾರೂ ಎರಡನೇ ಸಲ ತಟ್ಟುವುದಿಲ್ಲ.

ಬಟನ್ನು ಮಂಕಾದರೂ ಪೂರ್ತಿ ನಂಬಿಕೆ ಇಲ್ಲ, ಯಾಕೆಂದರೆ ನನ್ನ ಹಾಗೆ ಹಿಂದೆ ಹೋಗಿ ಮತ್ತೆ ತುಂಬುವವರು ಇರುತ್ತಾರೆ. ಅದನ್ನು ಸರ್ವರಿನವರೇ ಹಿಡಿಯಬೇಕು. ಫಾರಂ ತೆರೆದ ಕೂಡಲೇ ಅದಕ್ಕೊಂದು ಟೋಕನ್ ಕೊಡುವುದು. ಒಂದೇ ಟೋಕನ್ ಎರಡನೇ ಸಲ ಬಂದರೆ ಹೊಸ ಅರ್ಜಿ ಮಾಡದೆ, ನಿಮ್ಮದು ಆಗಲೇ ಬಂದಿದೆ, ಇಗೋ ಸಂಖ್ಯೆ ಎಂದು ಹಳೆಯದನ್ನೇ ಕೊಡುವುದು. ಟೋಕನ್ ಬೇರೆಯಾಗಿ ಆಧಾರ್ ಒಂದೇ ಇದ್ದರೆ, ಒಳಗೆ ತೆಗೆದುಕೊಳ್ಳುವ ಮುಂಚೆ ಒಂದು ಮಾತು ಕೇಳುವುದು. ರೇಷನ್ ಅಂಗಡಿಯವನಿಗೆ ಇದು ಗೊತ್ತಿದೆ. ಅದೇ ಚೀಟಿ ಮತ್ತೆ ತಂದರೆ ಅಕ್ಕಿ ಕೊಡುವುದಿಲ್ಲ, ಹಾಗಂತ ಕಾರ್ಡನ್ನೇ ರದ್ದು ಮಾಡುವುದೂ ಇಲ್ಲ. ಎರಡು ತಿಂಗಳು ಸುಮ್ಮನಿದ್ದು ಆಮೇಲೆ ಮೂರನ್ನೂ ತಡೆಹಿಡಿಯುವುದು ಯಾವ ಅಂಗಡಿಯ ಲೆಕ್ಕ ಎಂದು ನನಗೆ ಇವತ್ತಿಗೂ ಹೊಳೆದಿಲ್ಲ.

ಗೆಳೆಯನನ್ನು ಒಂದು ಮಾತು ಕೇಳಿದೆ. ಆ ಪುಟ ಮಾಡಿದವರು ಇದನ್ನೆಲ್ಲ ಪರೀಕ್ಷೆ ಮಾಡಿರುವುದಿಲ್ಲವಾ? ಮಾಡಿರುತ್ತಾರೆ ಎಂದ. ಆಫೀಸಿನಲ್ಲಿ ಕೂತು, ಆಫೀಸಿನ ವೈಫೈನಲ್ಲಿ. ಅಲ್ಲಿ ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬರುತ್ತದೆ, ಎರಡನೇ ಸಲ ಒತ್ತಲು ಬೆರಳಿಗೆ ಪುರುಸೊತ್ತೇ ಸಿಗುವುದಿಲ್ಲ. ತಪ್ಪು ಅಲ್ಲೂ ಇರುತ್ತದೆ, ಕಾಣಿಸಿಕೊಳ್ಳುವುದು ಮಾವಿನಕುರ್ವೆಯಲ್ಲಿ. ಆಮೇಲೆ ಸ್ವಲ್ಪ ತಡೆದು, "ನಾನೂ ಹಾಗೇ ಟೆಸ್ಟ್ ಮಾಡೋದು" ಎಂದ. ಅವನು ಹೇಳಿದ ಈ ಕೊನೆಯ ಮಾತಿಗೆ ಅವನ ಮೇಲೆ ನನಗೆ ಗೌರವ ಹೆಚ್ಚಾಯಿತು.

ಮೂರು ಮೆಸೇಜಿನ ಫೋಟೋ ತೆಗೆದು, ದೊಡ್ಡಮ್ಮನ ಕೈಯಲ್ಲಿ ಒಂದು ಮನವಿ ಬರೆಸಿ ಕೊಟ್ಟೆವು. ಹೊತ್ತನ್ನು ನೋಡಿ ಸ್ವಾಮಿ, ಒಂದೇ ನಿಮಿಷದ್ದು ಎರಡು ಇದೆ ಎಂದು ಬೆರಳಿಟ್ಟು ತೋರಿಸಿದೆ. ಮೇಜಿನ ಆಚೆಯವರು ಓದಿ, "ಹೌದಲ್ಲ" ಎಂದರು. ಅವರಿಗೂ ಇದು ಹೊಸತು. ದಿನಕ್ಕೆ ಎಷ್ಟೋ ಜನರಿಗೆ ನೀವೇ ಎರಡು ಸಲ ಹಾಕಿದ್ದೀರಿ ಎಂದು ಹೇಳಿ ಕಳಿಸುವವರು.

ಅದಾದ ಮೇಲೆ ನಾನು ಅರ್ಜಿ ಹಾಕುವ ರೀತಿ ಬದಲಾಗಿದೆ. ಊರನ್ನು ಆರಿಸುವ ಮುಂಚೆ ಬೆರಳನ್ನು ಎತ್ತಿ, ಪಟ್ಟಿ ಅಲುಗಾಡುವುದು ನಿಂತ ಮೇಲೆ ಒತ್ತುತ್ತೇನೆ. ಆರಿಸಿದ ಮೇಲೆ ಫೋನನ್ನು ಅಡ್ಡ ಹಿಡಿದು ತಾಲ್ಲೂಕು ಓದುತ್ತೇನೆ. 'ಸಲ್ಲಿಸಿ' ಒತ್ತಿದ ಮೇಲೆ ಫೋನನ್ನು ಕೆಳಗಿಟ್ಟುಬಿಡುತ್ತೇನೆ, ಕೈಯಲ್ಲಿದ್ದರೆ ಬೆರಳು ಸುಮ್ಮನಿರುವುದಿಲ್ಲ. ಪುಟ ಬಿಳಿಯಾದರೂ ಮತ್ತೆ ತುಂಬುವ ಮೊದಲು ಆಧಾರಿಗೆ ಜೋಡಿಸಿದ ಫೋನಿಗೆ ಮೆಸೇಜು ಬಂತಾ ಎಂದು ನೋಡುತ್ತೇನೆ. ದುಡ್ಡು ಕಳಿಸುವಾಗಲೂ ಇದೇ, ಮೊದಲು ಖಾತೆಯಿಂದ ಹೋಯಿತಾ ನೋಡಿ, ಆಮೇಲೆ ಎರಡನೇ ಸಲ. ಕೈ ನಡುಗುವ ಹಿರಿಯರು ಮನೆಯಲ್ಲಿದ್ದರೆ ಇನ್ನೊಂದು ಉಪಾಯ ಇದೆ. ಸ್ಯಾಮ್‌ಸಂಗ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬ ಭಾಗದೊಳಗೆ, ಬೇಗ ಬೇಗ ಬಿದ್ದ ಎರಡನೇ ಮುಟ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಇಡಬಹುದು. ಐಫೋನಿನಲ್ಲೂ ಇದೆ. ಎಷ್ಟು ಹೊತ್ತು ಎಂಬುದನ್ನು ನಾವೇ ಹೇಳಬಹುದು. ನಮ್ಮ ಬೆರಳಿನ ಲೆಕ್ಕ ನಾವೇ ಇಟ್ಟುಕೊಳ್ಳುವ ಜಾಗ ಅಂತ ನನಗೆ ಸಿಕ್ಕಿದ್ದು ಇದೊಂದೇ.

ಇದೆಲ್ಲ ನಾವು ಮಾಡಬೇಕಾದ ಕೆಲಸವಲ್ಲ ಎಂಬುದೂ ನಿಜ. ಕಾಯುವುದನ್ನು ಪುಟಕ್ಕೆ ಕಲಿಸಬೇಕು. ಅದು ಕಲಿಯುವವರೆಗೆ ಮಳೆಯಲ್ಲಿ ಕಂಬಕ್ಕೆ ಒರಗಿ ನಾವು ಕಾಯಬೇಕು.

ಎರಡು ಕಾಲಂ ಸುದ್ದಿಗೆ ತಿದ್ದುಪಡಿ ಕಳಿಸಿದೆ. ಡೆಸ್ಕಿನವರು ಫೋನು ಮಾಡಿ, ಇದರಲ್ಲಿ ಸುದ್ದಿ ಎಲ್ಲಿದೆ, ಯಾರ ಹೇಳಿಕೆಯೂ ಇಲ್ಲವಲ್ಲ ಎಂದರು. ಬರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ದೊಡ್ಡಮ್ಮನಿಗೆ ಹೇಳುವುದು ಇದೆಲ್ಲಕ್ಕಿಂತ ಕಷ್ಟವಾಯಿತು. ಚೌತಿಯ ರಾತ್ರಿಯೇ ಹೇಳಿದೆ. ಮೂರು ಸಲ ಒತ್ತಿದ್ದು ನಾನು, ನೀನು ಎಲ್ಲೂ ಹೋಗಿರಲಿಲ್ಲ ಎಂದು. ಅವಳು ಬತ್ತಿ ಹೊಸೆಯುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ. "ಅದ್ನೇ ನಾ ಆವತ್ತು ಹೇಳಿದ್ದು" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಭಟ್ಕಳದಲ್ಲಿ ಎಷ್ಟು ಬತ್ತು, ಅಲ್ಲೂ ಅಷ್ಟೇ ಏನಾ?" ಎಂದು ಕೇಳಿದಳು. ನಗುತ್ತಿದ್ದಾಳೋ ಇಲ್ಲವೋ ದೀಪದ ಬೆಳಕಿನಲ್ಲಿ ಗೊತ್ತಾಗಲಿಲ್ಲ.

ಹೊನ್ನಾವರದ ಅರ್ಜಿ ಆರು ತಿಂಗಳ ಮೇಲೆ ಮಂಜೂರಾಯಿತು. ಹಿಂದಿನ ತಿಂಗಳುಗಳದ್ದು ಸಿಗಲಿಲ್ಲ. ಭಟ್ಕಳದ ಎರಡರಲ್ಲಿ ಒಂದು ರದ್ದಾಗಿದೆ. ಇನ್ನೊಂದು ಈಗಲೂ 'ಪರಿಶೀಲನೆಯಲ್ಲಿದೆ' ಎಂದೇ ತೋರಿಸುತ್ತಿದೆ. ಸೋಮವಾರ ಸೋಮವಾರ ಅದರ ಸಂಖ್ಯೆ ಹಾಕಿ ನೋಡುತ್ತೇನೆ. ಒಮ್ಮೆ ಒತ್ತಿ, ಫೋನು ಕೆಳಗಿಟ್ಟು.